ನೂರರಲ್ಲಿ ಒಂದು ಪಾಲು

ನವೆಂಬರ್ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಚರ್ಚಿನ ಕಚೇರಿಯ ಹೆಂಗಸು ನನಗೆ ಫೋನ್ ಮಾಡಿದಳು. "ನಿಮ್ಮ ತಮ್ಮ ಕಾರೊಳಗೇ ಕೂತಿದ್ದಾರೆ. ಗಾಜು ತಟ್ಟಿದೆ, ಏಳ್ತಾ ಇಲ್ಲ. ಸ್ವಲ್ಪ ಬಂದುಬಿಡಿ," ಎಂದಳು. ಉಳಿದದ್ದೆಲ್ಲ ಅವಳ ದನಿಯಲ್ಲೇ ಇತ್ತು. ನಾನು ಹೋಗುವಷ್ಟರಲ್ಲಿ ಆಂಬುಲೆನ್ಸಿನವರು ಅವನನ್ನು ಮುಟ್ಟಿ ನೋಡಿ, ಟೋಪಿ ತೆಗೆದು ಪಕ್ಕಕ್ಕೆ ನಿಂತಿದ್ದರು.

ಕಾರು ಚರ್ಚಿನ ನಿಲುಗಡೆಯ ಜಾಗದಲ್ಲಿ ಎರಡು ಬಿಳಿ ಗೆರೆಗಳ ನಟ್ಟನಡುವೆ ಅಳೆದು ಇಟ್ಟ ಹಾಗೆ ನಿಂತಿತ್ತು. ಎಂಜಿನ್ ಆರಿತ್ತು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಸೀಟ್‌ಬೆಲ್ಟ್ ಬಿಗಿದೇ ಇತ್ತು. ಪಕ್ಕದ ಸೀಟಿನ ಮೇಲೆ ಮಡಿಸಿಟ್ಟ ಬಿಳಿ ಕೈಗವಸುಗಳು ಕೂತಿದ್ದವು. ಎದೆನೋವು ಬಂದು ಒಂದೆರಡು ನಿಮಿಷದಲ್ಲಿ ಮುಗಿದಿರಬೇಕು ಎಂದರು ವೈದ್ಯರು. ಬೇರೆಯವರಾಗಿದ್ದರೆ ಆ ಒಂದೆರಡು ನಿಮಿಷವನ್ನು ಎದೆ ಹಿಡಿದುಕೊಳ್ಳುವುದರಲ್ಲಿ ಕಳೆಯುತ್ತಿದ್ದರು. ನನ್ನ ತಮ್ಮ ಹ್ಯಾಂಡ್‌ಬ್ರೇಕ್ ಎಳೆಯುವುದರಲ್ಲಿ ಕಳೆದಿದ್ದ. ಸಾಯುವುದಕ್ಕೂ ಅವನು ಗಾಡಿ ನಿಲ್ಲಿಸಲು ಅನುಮತಿಯಿರುವ ಜಾಗವನ್ನೇ ಆರಿಸಿಕೊಂಡಿದ್ದ.

ಅವನ ಹೆಸರು ಪ್ಯೊ ಇನ್‌ಥೇಕ್. ಜ್ಞಾನಸ್ನಾನದಲ್ಲಿ ಕೊಟ್ಟ ಹೆಸರು ಕ್ರಿಸ್ತೊಫೊರೊ. ಎಪ್ಪತ್ತನಾಲ್ಕು ವರ್ಷ ಬದುಕಿದ. ಅದರಲ್ಲಿ ಮೂವತ್ತನಾಲ್ಕು ವರ್ಷ ಇದೇ ಜೆಚನ್ ಊರಿನಲ್ಲಿ ಟ್ಯಾಕ್ಸಿ ಓಡಿಸಿದ. ಒಂದು ಅಪಘಾತವಿಲ್ಲ, ಒಂದು ದಂಡವಿಲ್ಲ. ಅಂಥವರನ್ನು ನಮ್ಮಲ್ಲಿ ಮಾದರಿ ಚಾಲಕರು ಎಂದು ಕರೆದು, ಖಾಕಿ ಸಮವಸ್ತ್ರ, ಬಿಳಿ ಕೈಗವಸು, ಒಂದು ಸೀಟಿ ಕೊಟ್ಟು, ಬೆಳಗಿನ ಹೊತ್ತು ಚೌಕದಲ್ಲಿ ನಿಲ್ಲಿಸುತ್ತಾರೆ. ಸಂಬಳವಿಲ್ಲ. ಟ್ಯಾಕ್ಸಿ ಮಾರಿದ ಮೇಲೂ ಅವನು ಸೋಮವಾರ ಮತ್ತು ಗುರುವಾರ ಹೊಳೆಬದಿಯ ಶಾಲೆಯ ಮುಂದೆ ನಿಂತು ಮಕ್ಕಳನ್ನು ದಾಟಿಸುತ್ತಿದ್ದ. ಆ ಗುರುವಾರವೂ ನಿಂತಿದ್ದ. ಅಲ್ಲಿಂದ ನೇರ ಚರ್ಚಿಗೆ ಬಂದಿದ್ದ. ಪೂಜೆಗೆ ಮುಂಚೆ ಪಾಪನಿವೇದನೆ ಮಾಡಿಕೊಳ್ಳಬೇಕೆಂದು ಬೇಗ ಬಂದಿದ್ದ ಎನ್ನುವುದು ನನಗೊಬ್ಬನಿಗೆ ಗೊತ್ತಿತ್ತು. ಕಾರಿನಿಂದ ಆ ಬಾಗಿಲಿಗೆ ಮೂವತ್ತು ಹೆಜ್ಜೆ. ಅಷ್ಟು ದೂರ ದೇವರು ಅವನನ್ನು ನಡೆಸಬಹುದಾಗಿತ್ತು. ನಡೆಸಲಿಲ್ಲ. ಏಕೆಂದು ನಾನು ಕೇಳುವುದಿಲ್ಲ. ಆದರೆ ದಿನಕ್ಕೆ ಎರಡು ಬಾರಿ ನೆನಪಿಸುತ್ತೇನೆ.

ಮಕ್ಕಳಿಗೆ ಕೆಲವರು ಹೊಲ ಬಿಟ್ಟುಹೋಗುತ್ತಾರೆ, ಕೆಲವರು ಅಂಗಡಿ. ನನ್ನ ತಮ್ಮನ ಬಳಿ ಇದ್ದದ್ದು ಕಲೆಯಿಲ್ಲದ ದಾಖಲೆ. ಅದನ್ನು ಅವರು ಅವನು ಬದುಕಿರುವಾಗಲೇ ಹಂಚಿಕೊಂಡಿದ್ದರು.

ಕಾರಿನ ವಿಮೆಗೆ ಕಟ್ಟುವ ಕಂತು ಕಾರನ್ನು ನೋಡಿ ಏರುವುದಕ್ಕಿಂತ ಮನುಷ್ಯನನ್ನು ನೋಡಿ ಹೆಚ್ಚು ಏರುತ್ತದೆ. ಕೆಂಪು ದೀಪ ದಾಟಿದೆಯಾ, ಏರಿತು. ವೇಗ ಮೀರಿದೆಯಾ, ಏರಿತು. ಯಾರದೋ ಬಾಗಿಲಿಗೆ ಗುದ್ದಿದೆಯಾ, ಇನ್ನೂ ಏರಿತು. ಪಶ್ಚಾತ್ತಾಪಪಟ್ಟವನ ಪಾಪವನ್ನು ದೇವರು ಅಂದೇ ಮರೆಯುತ್ತಾನೆ. ವಿಮಾ ಕಂಪನಿ ಮೂರು ವರ್ಷ ಮರೆಯುವುದಿಲ್ಲ. ಆದ್ದರಿಂದ ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಕಾರನ್ನು ಇಬ್ಬರ ಹೆಸರಿಗೆ ಬರೆಸುವುದು. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಓಡಿಸುವ ಮಗನದು, ಒಂದು ಪಾಲು ಒಳ್ಳೆಯ ಅಪ್ಪನದು. ವಿಮೆಯನ್ನು ಮಾತ್ರ ಅಪ್ಪನ ಹೆಸರಲ್ಲಿ ಮಾಡಿಸುವುದು. ಇದು ಕಾನೂನಿಗೆ ವಿರುದ್ಧವಲ್ಲ, ಹಾಗಾಗಿ ಇದಕ್ಕೆ ನಾಚಿಕೊಳ್ಳುವ ಪದ್ಧತಿಯೂ ಇಲ್ಲ.

ರಸ್ತೆಯ ಕ್ಯಾಮೆರಾ ಹಿಡಿದು ಕಳಿಸುವ ದಂಡದ ಚೀಟಿಗಳಿಗೂ ಒಂದು ದಾರಿ ಇದೆ. ಓಡಿಸಿದವನು ನಾನೇ ಎಂದು ಠಾಣೆಗೆ ಹೋಗಿ ಒಪ್ಪಿಕೊಂಡರೆ ದಂಡ ಕಡಿಮೆ, ಆದರೆ ದಾಖಲೆಗೆ ಮಸಿ. ಯಾರು ಓಡಿಸಿದರೋ ತಿಳಿಯದು ಎಂಬಂತೆ ಸುಮ್ಮನಿದ್ದು ಮಾಲೀಕನಾಗಿ ಕಟ್ಟಿದರೆ ಸ್ವಲ್ಪ ಹೆಚ್ಚು, ದಾಖಲೆ ಮಾತ್ರ ಶುಭ್ರ. ನನ್ನ ತಮ್ಮನ ಮಗ ಗ್ಯೂಸೊಕ್ ಹೀಗೆ ನಾಲ್ಕು ಬಾರಿ ಮಾಲೀಕನಾಗಿ ಕಟ್ಟಿದ್ದಾನೆ, ಚಾಲಕನಾಗಿ ಒಮ್ಮೆಯೂ ಇಲ್ಲ. ಸರ್ಕಾರದ ಕಾಗದಗಳ ಪ್ರಕಾರ ಅವನ ಕಪ್ಪು ಕಾರನ್ನು ಯಾರೂ ಓಡಿಸುವುದಿಲ್ಲ. ಅದು ತಾನಾಗಿ ಹೋಗುತ್ತದೆ.

ಅವನ ಸ್ವಂತದ್ದು ಬಿಟ್ಟರೆ, ಊರಿನಲ್ಲಿ ನನ್ನ ತಮ್ಮನ ಪಾಲಿದ್ದ ಕಾರುಗಳು ಮೂರು. ಒಂದು ಗ್ಯೂಸೊಕ್‌ನದು. ಇನ್ನೊಂದು ಅವನ ಅಳಿಯನದು. ನಿವೇದನೆ ಅರ್ಧಂಬರ್ಧ ಇರಬಾರದಾದ್ದರಿಂದ ಹೇಳುತ್ತೇನೆ, ಮೂರನೆಯದು ನನ್ನದು. ಒಂದೇ ಚಳಿಗಾಲದಲ್ಲಿ ನಾನು ಹಣ್ಣಿನಂಗಡಿಯ ಪೆಟ್ಟಿಗೆಗಳನ್ನೂ ನಮ್ಮ ಅಪಾರ್ಟ್‌ಮೆಂಟಿನ ಗೇಟನ್ನೂ ಕೆಡವಿದ್ದೆ. ಆಮೇಲೆ ತಮ್ಮನ ಮನೆಗೆ ಒಂದು ಡಬ್ಬ ಸೇಬು ತೆಗೆದುಕೊಂಡು ಹೋದೆ. ಅವನು ಸೇಬು ನೋಡಿಯೇ, "ಅಣ್ಣಾ, ಎಲ್ಲಿ ಸಹಿ ಹಾಕಬೇಕು ಹೇಳು," ಎಂದ.

ಅವನು ಹೋಗುವ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ನಾವಿಬ್ಬರೂ ನಿಲ್ದಾಣದ ಹಿಂದಿನ ಶ್ಯಾವಿಗೆ ಅಂಗಡಿಯಲ್ಲಿ ಊಟಕ್ಕೆ ಕೂತಿದ್ದೆವು. ಅವನು ಸಮವಸ್ತ್ರದಲ್ಲೇ ಬಂದಿದ್ದ.

"ಇವತ್ತು ನಿನ್ನ ದಿನ ಅಲ್ಲವಲ್ಲೋ," ಎಂದೆ.

"ದೋ ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದಾನೆ. ಅವನ ಜಾಗಕ್ಕೆ ನಿಂತಿದ್ದೆ."

ದೋ ಅವನ ಜೊತೆಯ ಇನ್ನೊಬ್ಬ ಮಾದರಿ ಚಾಲಕ. ಅವನು ಯಾವ ಚೌಕದಲ್ಲಿ ನಿಲ್ಲುತ್ತಾನೆಂದು ನಾನು ಕೇಳಲಿಲ್ಲ. ಶ್ಯಾವಿಗೆ ಆರುತ್ತಿತ್ತು.

ನನ್ನ ತಮ್ಮ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಸರಿಯಾಗಿ ಜೋಡಿಸಿಟ್ಟು, "ಅಣ್ಣಾ, ಇವತ್ತು ನಾನು ಕೆಂಪು ದೀಪ ದಾಟಿಬಿಟ್ಟೆ," ಎಂದ.

"ನೀನಾ? ಮೈ ಹುಷಾರಾಗಿದೆಯೇನೋ?"

"ಪೂರ್ತಿ ನಾನಲ್ಲ. ನೂರರಲ್ಲಿ ಒಂದು ಪಾಲು."

ನಾನು ನಕ್ಕೆ. "ಯಾವ ಕಾರಿನ ಒಂದು ಪಾಲಪ್ಪ? ನನ್ನದಂತೂ ಮನೆ ಮುಂದೆ ನಿಂತಿದೆ."

"ನಿನ್ನದಲ್ಲ ಬಿಡು. ನಾಳೆ ಫಾದರ್ ಹತ್ರ ಹೇಳ್ಕೋಬೇಕು. ಹೇಗೆ ಹೇಳೋದು ಅಂತಲೇ ಗೊತ್ತಾಗ್ತಿಲ್ಲ. ಒಂದು ಪಾಲು ಪಾಪಕ್ಕೆ ಎಷ್ಟು ಜಪ ಕೊಡ್ತಾರೆ?"

"ಅರ್ಧ ಮಣಿ ಕೊಡ್ತಾರೆ. ತಿನ್ನು."

ಅವನು ತಿನ್ನಲಿಲ್ಲ. "ಆ ಕಾರು ತಗೊಂಡಾಗ ನನ್ನ ಪಾಲು ಯಾವುದು ಅಂತ ನೀನು ಕೇಳಿದ್ದೆ, ನೆನಪಿದೆಯಾ? ಬ್ರೇಕು ಅಂತ ಹೇಳಿದ್ದೆ. ಅಲ್ಲ ಕಣೋ ಅಣ್ಣಾ. ಬರೀ ಹಾರ್ನು. ಊದಬಹುದು, ಅಷ್ಟೇ. ನಿಲ್ಲಿಸೋಕಾಗಲ್ಲ."

ಆಮೇಲೆ ಅವನು ಎಂದಿನಂತೆ ಮೂಲಂಗಿ ಉಪ್ಪಿನಕಾಯಿ ಇನ್ನೊಂದಿಷ್ಟು ಕೇಳಿ ಹಾಕಿಸಿಕೊಂಡ. ವಯಸ್ಸಾದವರ ತಲೆಹರಟೆ ಎಂದುಕೊಂಡು ನಾನು ಬಟ್ಟಲಿನ ಸಾರು ಕುಡಿದೆ. ತಮ್ಮನ ಜೊತೆ ನಾನು ಮಾಡಿದ ಕೊನೆಯ ಊಟದಲ್ಲಿ ನನ್ನ ಗಮನವೆಲ್ಲ ಸಾರಿನ ಮೇಲಿತ್ತು.

ಶವವನ್ನು ಆಸ್ಪತ್ರೆಯ ಪಕ್ಕದ ಅಂತ್ಯಕ್ರಿಯೆ ಭವನದಲ್ಲಿ ಇಟ್ಟೆವು. ಹೂವಿನ ನಡುವೆ ಇಡಲು ಮನೆಯಲ್ಲಿ ಅವನದೊಂದು ಒಳ್ಳೆಯ ಫೋಟೊ ಸಿಗಲಿಲ್ಲ. ಅವನ ಚಾಲನಾ ಪರವಾನಗಿಯ ಫೋಟೊವನ್ನೇ ದೊಡ್ಡದು ಮಾಡಿಸಿದರು. ಬಂದವರೆಲ್ಲ ಅದಕ್ಕೆ ಎರಡು ಬಾರಿ ಬಗ್ಗಿ ನಮಸ್ಕರಿಸಿ, ಒಳಗಿನ ಕೋಣೆಯಲ್ಲಿ ಖಾರದ ದನದ ಸಾರು ಮತ್ತು ಅನ್ನಕ್ಕೆ ಕೂತು, ಎಂಥ ಶಿಸ್ತಿನ ಮನುಷ್ಯ ಎಂದು ಹೊಗಳಿದರು. ಹೊಗಳಿದವರಲ್ಲಿ ಅರ್ಧ ಜನ ತಮ್ಮ ಕಾರುಗಳನ್ನು ಆಂಬುಲೆನ್ಸಿನ ದಾರಿಗೆ ಅಡ್ಡ ನಿಲ್ಲಿಸಿ ಬಂದಿದ್ದರು. ಅವುಗಳನ್ನು ತೆಗೆಯಿರಿ ಎಂದು ಮೈಕಿನಲ್ಲಿ ಮೂರು ಸಲ ಕೂಗಿದರು. ನನ್ನ ತಮ್ಮ ಇದ್ದಿದ್ದರೆ ಸೀಟಿ ಊದುತ್ತಿದ್ದ.

ಶುಕ್ರವಾರ ಮಧ್ಯಾಹ್ನ ವೆರೊನಿಕಾ ಬಂದಳು. ನಮ್ಮ ಚರ್ಚಿನಲ್ಲಿ ಜಪ ಹೇಳಿಸುವವಳೂ ಅವಳೇ, ಚರ್ಚಿಗೆಲ್ಲ ವಿಮೆ ಮಾರುವವಳೂ ಅವಳೇ. ಎರಡು ಕೆಲಸವನ್ನೂ ಒಂದೇ ಭಕ್ತಿಯಿಂದ ಮಾಡುತ್ತಾಳೆ. ಹೆಣದ ಮುಂದೆ ಕಣ್ಣೊರೆಸಿಕೊಂಡು ಬಂದು ಊಟಕ್ಕೆ ಕೂತಳು. ಅವಳ ಎದುರಿಗೆ ಅಳಿಯ ಕೂತ.

"ಸಹೋದರಿ, ಮಾವನವರ ಹೆಸರಲ್ಲಿರೋ ವಿಮೆ ವರ್ಷ ಮುಗಿಯೋವರೆಗೂ ಹಾಗೇ ನಡೆಯುತ್ತಾ?"

"ಮಾವನವರು ನಡೀತಾರೇನಪ್ಪ?"

"ಅಲ್ಲ, ಅವರ ಒಳ್ಳೆಯ ದಾಖಲೆ ನಮಗೇನಾದ್ರೂ ಬರುತ್ತಾ ಅಂತ."

"ಬರುತ್ತೆ, ಬರುತ್ತೆ. ಒಳ್ಳೆಯವರ ನೆನಪು ಯಾವಾಗಲೂ ಉಳಿಯುತ್ತೆ. ರಿಯಾಯಿತಿ ಉಳಿಯಲ್ಲ." ಅವಳು ಸಾರಿಗೆ ಅನ್ನ ಕಲಸಿದಳು. "ನಿನ್ನ ಹೆಸರಲ್ಲಿ ಹೊಸದಾಗಿ ಶುರು ಮಾಡಬೇಕು. ಹೋದ ವರ್ಷ ಕಂಬಕ್ಕೆ ಗುದ್ದಿದ್ಯಲ್ಲ, ಅದನ್ನೂ ಸೇರಿಸ್ಕೊಂಡು."

"ಕಂಬ ಅಷ್ಟು ಮುಂದೆ ಬರಬಾರದಿತ್ತು," ಎಂದು ಅಳಿಯ ಗೊಣಗಿದ.

"ಮಾವನವರ ಆ ಒಂದು ಪಾಲಿಗೂ ಈಗ ವಾರಸುದಾರರು ಬೇಕು. ಅತ್ತೆ, ಮಗ, ಮಗಳು ಮೂವರೂ ಸಹಿಯ ಮುದ್ರೆ ಒತ್ತಬೇಕು. ಕಾರು ಕಾರಿಗೂ ಬೇರೆ ಬೇರೆ ಕಾಗದ."

ಅಳಿಯ ಫೋಟೊದ ಕಡೆ ತಿರುಗಿ ನೋಡಿದ. ಎರಡು ದಿನದಲ್ಲಿ ಮೊದಲ ಬಾರಿ ಅವನ ಕಣ್ಣಲ್ಲಿ ನೀರು ಬಂತು.

ಅಷ್ಟು ಹೊತ್ತಿಗೆ ಗ್ಯೂಸೊಕ್ ನನ್ನ ತೋಳು ಹಿಡಿದು, ಹೂಚಕ್ರಗಳನ್ನು ಸಾಲಾಗಿ ನಿಲ್ಲಿಸಿದ್ದ ಓಣಿಗೆ ಕರೆದುಕೊಂಡು ಹೋದ. ನಲವತ್ತಮೂರು ವರ್ಷದವನು. ಫ್ರಿಜ್ ಬಿಡಿಭಾಗಗಳ ಕಂಪನಿಯಲ್ಲಿ ಮಾರಾಟದ ಕೆಲಸ; ದಿನವೆಲ್ಲ ಕಾರಿನಲ್ಲೇ ತಿರುಗಬೇಕು. ತೋಳಿಗೆ ಶೋಕದ ಪಟ್ಟಿ ಕಟ್ಟಿದ್ದ. ಮುಖ ಸುಣ್ಣವಾಗಿತ್ತು.

"ದೊಡ್ಡಪ್ಪ, ಪೊಲೀಸರು ಅಪ್ಪನ ಫೋನಿಗೆ ಫೋನ್ ಮಾಡಿದ್ರು. ಕಾಗದದಲ್ಲಿ ಅಪ್ಪನ ಹೆಸರೇ ಮೊದಲಿದೆಯಲ್ಲ."

"ಏನಂತೆ?"

"ಬುಧವಾರ ಬೆಳಿಗ್ಗೆ ಮಾರ್ಕೆಟ್ ಚೌಕದಲ್ಲಿ ನಮ್ಮ ಕಾರು ಕೆಂಪು ದೀಪ ದಾಟಿದೆ. ಮೊಸರುಪಾನಕ ಮಾರೋ ಹೆಂಗಸೊಬ್ಬಳು ತನ್ನ ಪುಟ್ಟ ಬ್ಯಾಟರಿ ಗಾಡಿ ಸಮೇತ ಬಿದ್ದಿದ್ದಾಳೆ. ನಾನು ಮುಟ್ಟೇ ಇಲ್ಲ ದೊಡ್ಡಪ್ಪ, ಅವಳೇ ಬ್ರೇಕ್ ಹಾಕಿ ಬಿದ್ದಿರೋದು. ನಂಗೆ ಗೊತ್ತೇ ಆಗ್ಲಿಲ್ಲ. ಫೋನಲ್ಲಿ ಮಾತಾಡ್ತಿದ್ದೆ. ಮರುದಿನ ಮಣಿಕಟ್ಟು ಊದಿಕೊಂಡು ದೂರು ಕೊಟ್ಟಿದ್ದಾಳೆ. ಮೂಳೆ ಬಿರುಕು ಬಿಟ್ಟಿದೆಯಂತೆ."

ಇಷ್ಟರಲ್ಲಿ ನನಗೆ ಶ್ಯಾವಿಗೆ ಅಂಗಡಿ ನೆನಪಾಯಿತು.

"ಅಪ್ಪನಿಗೆ ಹೇಳಿದ್ಯಾ ಇದನ್ನ?"

"ಇಲ್ಲ. ನಂಗೇ ಇವತ್ತು ಗೊತ್ತಾಗಿದ್ದು."

ಹಾಗಾದರೆ ತಮ್ಮನಿಗೆ ಹೇಗೆ ಗೊತ್ತಾಯಿತು? ಅದನ್ನು ಯೋಚಿಸುವಷ್ಟರಲ್ಲಿ ಗ್ಯೂಸೊಕ್ ಮುಂದುವರಿಸಿದ.

"ಬರೀ ಕ್ಯಾಮೆರಾ ಚೀಟಿ ಆಗಿದ್ರೆ ಮಾಲೀಕರ ಲೆಕ್ಕದಲ್ಲಿ ಕಟ್ಟಿ ಮುಗಿಸ್ತಿದ್ದೆ. ಪೆಟ್ಟಾಗಿರೋದ್ರಿಂದ ಓಡಿಸಿದವರು ಯಾರು ಅಂತ ಬೇಕಂತೆ. ಕೆಂಪು ದೀಪ, ಪೆಟ್ಟು, ಎರಡೂ ಸೇರಿದ್ರೆ ವಿಮೆ ಇದ್ರೂ ಕೇಸಾಗುತ್ತೆ. ಕೇಸಾದ್ರೆ ಕಂಪನಿಯಲ್ಲಿ ನನ್ನ ಇಟ್ಕೊಳ್ಳಲ್ಲ. ಇನ್ನು ನನ್ನ ಹೆಸರಲ್ಲಿ ವಿಮೆ ಮಾಡಿಸೋಕೆ ಹೋದ್ರೆ ವೆರೊನಿಕಾ ಅಕ್ಕ ಶಿಲುಬೆ ಗುರುತು ಹಾಕ್ಕೊಂಡು ಎದ್ದು ಹೋಗ್ತಾಳೆ."

"ಅದಕ್ಕೆ?"

ಅವನು ಹೂಚಕ್ರದ ರಿಬ್ಬನ್ನನ್ನು ಬೆರಳಿಗೆ ಸುತ್ತಿದ. ಅದರ ಮೇಲೆ 'ನಿಮ್ಮ ದಾರಿ ಶುಭವಾಗಲಿ' ಎಂದು ಅವನದೇ ಕಂಪನಿಯವರು ಬರೆಸಿದ್ದರು.

"ಅಪ್ಪ ಓಡಿಸ್ತಿದ್ರು ಅಂತ ಹೇಳಿದೆ."

ನಾನು ಅವನ ಬೆರಳಿನಿಂದ ರಿಬ್ಬನ್ ಬಿಡಿಸಿದೆ.

"ಗಾಜಿಗೆಲ್ಲ ಕಪ್ಪು ಹಾಳೆ ಹಾಕ್ಸಿದ್ದೀನಿ, ಒಳಗೆ ಯಾರಿದ್ರು ಅಂತ ಕಾಣಲ್ಲ. ಬುಧವಾರ ಅಪ್ಪಂಗೆ ಚೌಕದ ಕೆಲಸ ಇರ್ಲಿಲ್ಲ. ನಿಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ರು ಅಂದೆ. ಸೋಮವಾರ ನೀವು ಠಾಣೆಗೆ ಬಂದು ಹೌದು ಅಂದ್ರೆ ಸಾಕು. ದೊಡ್ಡಪ್ಪ, ಸತ್ತವರ ಮೇಲೆ ಕೇಸು ನಡೆಯಲ್ಲ. ಅವರ ಕಂತೂ ಏರಲ್ಲ."

ಎಲ್ಲವನ್ನೂ ಯೋಚಿಸಿಟ್ಟಿದ್ದ. ಅಪ್ಪ ಬದುಕಿದ್ದಾಗ ಅವನ ದಾಖಲೆಯ ನೆರಳಲ್ಲಿ ಕೂತಿದ್ದ; ಸತ್ತ ಮೇಲೆ ಆ ನೆರಳಿಗೇ ಕೆಸರು ಮೆತ್ತಿ ಕೈತೊಳೆದುಕೊಳ್ಳಲು ಹೊರಟಿದ್ದ. ಮೂವತ್ತನಾಲ್ಕು ವರ್ಷ ಟ್ಯಾಕ್ಸಿಯಲ್ಲಿ ಒಂದು ಇರುವೆಯನ್ನೂ ಗುದ್ದದವನು, ಕೊನೆಗೆ ಕೆಂಪು ದೀಪ ದಾಟಿ ಹೆಂಗಸನ್ನು ಬೀಳಿಸಿ ನಿಲ್ಲಿಸದೆ ಓಡಿಹೋದ ಎಂದು ಕಾಗದದಲ್ಲಿ ಉಳಿಯುತ್ತದೆ. ಅವನು ಬಂದು ಇಲ್ಲ ಎನ್ನುವುದಿಲ್ಲ.

ಅಷ್ಟರಲ್ಲಿ ನನ್ನ ತಮ್ಮನ ಹೆಂಡತಿ ಮಾಲ್‌ಸುನ್ ಬಂದಳು. ಅವಳಿಗೂ ವಿಷಯ ಗೊತ್ತಿತ್ತು.

"ಭಾವ, ನಾನು ಅವರ ಜೊತೆ ನಲವತ್ತೈದು ವರ್ಷ ಬಾಳಿದವಳು. ನನ್ನ ಹೆರಿಗೆ ನೋವಲ್ಲೂ ಈ ಮನುಷ್ಯ ಹಳದಿ ದೀಪಕ್ಕೆ ಗಾಡಿ ನಿಲ್ಲಿಸಿದ್ರು. ಈ ಗ್ಯೂಸೊಕ್ ಸೀಟಲ್ಲೇ ಹುಟ್ಟಿಬಿಡ್ತಿದ್ದ." ಅವಳು ಮೂಗು ಒರೆಸಿಕೊಂಡಳು. "ಅವರಿಗೆ ಈಗ ಯಾವ ದೀಪವೂ ಇಲ್ಲ. ಇರೋನಾದ್ರೂ ಉಳ್ಕೊಳ್ಳಲಿ."

ನಾನು ನಲವತ್ತು ವರ್ಷ ಇದೇ ಊರಿನ ರೈಲು ನಿಲ್ದಾಣದಲ್ಲಿ ಸಿಗ್ನಲ್ ನೋಡಿಕೊಂಡವನು. ಕೆಂಪು ಇಲ್ಲವೇ ಹಸಿರು, ಎರಡರಲ್ಲೊಂದು ತೋರಿಸುವುದೇ ನನ್ನ ಕೆಲಸವಾಗಿತ್ತು. ಅಂದು ನಾನು "ಹ್ಞೂಂ, ನೋಡೋಣ," ಎಂದೆ. ಗ್ಯೂಸೊಕ್ ಅದನ್ನು ಹಸಿರು ಎಂದುಕೊಂಡ. ಅವನ ವಂಶದ ಅಭ್ಯಾಸವಲ್ಲ, ಅವನ ಸ್ವಂತದ್ದು.

ಶನಿವಾರ ಮಣ್ಣು ಮಾಡಿದೆವು. ಸ್ಮಶಾನದ ದಾರಿಯ ಚೌಕದಲ್ಲಿ ಮಾದರಿ ಚಾಲಕರು ಹದಿನಾರು ಜನ ಸಾಲಾಗಿ ನಿಂತು ಹೆಣದ ಗಾಡಿಗೆ ಸಲಾಮು ಹೊಡೆದರು. ದೀಪ ಕೆಂಪಿತ್ತು. ಗಾಡಿಗೆ ದಾರಿ ಮಾಡಿಕೊಡಲು ಅವರಿಗೆ ಅಧಿಕಾರವಿತ್ತು. ಆದರೆ ಯಾರೂ ಕೈ ಬೀಸಲಿಲ್ಲ. ಹಸಿರಾಗುವವರೆಗೆ ನನ್ನ ತಮ್ಮ ಕಾದ. ನಂತರ ಹೋದ. ಹಿಂದಿನ ಕಾರಿನಲ್ಲಿ ಯಾರೋ ಹಾರ್ನ್ ಮಾಡಿದರು, ನೋಡಿದರೆ ಅಳಿಯ.

ಸೋಮವಾರ ಹತ್ತು ಗಂಟೆಗೆ ಗ್ಯೂಸೊಕ್ ಮತ್ತು ನಾನು ಠಾಣೆಯ ಸಂಚಾರ ವಿಭಾಗಕ್ಕೆ ಹೋದೆವು. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಏನು ಹೇಳಬೇಕೆಂದು ಬಹಳ ಕೇಳಿಕೊಂಡಿದ್ದೆ. ಉತ್ತರ ಬಂದಿರಲಿಲ್ಲ. ತಮ್ಮನ ಹೆಸರು ಒಂದು ಕಡೆ, ಅವನ ಮಗನ ಅನ್ನ ಒಂದು ಕಡೆ. ನನ್ನ ಕಾರಿನ ಕಾಗದದಲ್ಲಿ ಅವನ ಒಂದು ಪಾಲು ಇರುವಾಗ ಸತ್ಯದ ಪರವಾಗಿ ಎದೆ ತಟ್ಟಿ ನಿಲ್ಲಲು ನನಗೂ ಮುಖವಿರಲಿಲ್ಲ.

ಅಧಿಕಾರಿ ಮೂವತ್ತರ ಹೆಂಗಸು. ಎದ್ದು ನಿಂತು ಸಂತಾಪ ಹೇಳಿ, ಕಾಗದದ ಲೋಟದಲ್ಲಿ ಕಾಫಿ ಕೊಟ್ಟಳು.

"ಯಜಮಾನ್ರೇ, ದುಃಖದಲ್ಲಿರೋರನ್ನ ಕರೆಸಿದ್ದಕ್ಕೆ ಕ್ಷಮಿಸಿ. ನಿಮ್ಮ ಮಾತು ಕೇಳಿ ಬರ್ಕೊಂಡ್ರೆ ಮುಗೀತು. ಅದಕ್ಕೆ ಮುಂಚೆ ಆ ಹೆಂಗಸು ಹೇಳಿದ್ದು ಓದಿಬಿಡ್ತೀನಿ." ಅವಳು ಕಾಗದ ಎತ್ತಿಕೊಂಡಳು. "'ನಾನು ಹಸಿರಿಗೆ ಹೊರಟಿದ್ದೆ. ಯಾರೋ ಜೋರಾಗಿ ಸೀಟಿ ಊದಿದರು. ಬೆಚ್ಚಿಬಿದ್ದು ಬ್ರೇಕ್ ಹಿಡಿದೆ, ಗಾಡಿ ಮಗುಚಿತು. ಕಪ್ಪು ಕಾರು ನನ್ನ ಮೂಗಿನ ಮುಂದೆಯೇ ಹೋಯಿತು. ಸೀಟಿ ಕೇಳಿಸದಿದ್ದರೆ ನಾನು ಅದರ ಕೆಳಗಿರುತ್ತಿದ್ದೆ.'"

"ಸೀಟಿ ಊದಿದವರು ಯಾರು?" ಎಂದು ಕೇಳಿದೆ.

"ಅದೇ ನಮಗೂ ಬೇಕು. ಒಬ್ಬರು ಮಾದರಿ ಚಾಲಕರು. ಪಟ್ಟಿಯಲ್ಲಿ ದೋ ಅಂತ ಹೆಸರಿದೆ. ಅವರನ್ನ ಕೇಳಿದ್ರೆ ಅವತ್ತು ಹಲ್ಲು ಕೀಳಿಸ್ತಿದ್ದೆ, ಬೇರೆಯೋರನ್ನ ನಿಲ್ಸಿದ್ದೆ ಅಂತಾರೆ. ಯಾರನ್ನ ಅಂದ್ರೆ ಫೋನಲ್ಲೇ ಅಳೋಕೆ ಶುರು ಮಾಡಿದ್ರು. ಬಾಯಲ್ಲಿ ಹತ್ತಿ ಬೇರೆ, ಒಂದಕ್ಷರ ತಿಳೀಲಿಲ್ಲ. ನಾಳೆ ಬರ್ತಾರೆ. ಕ್ಯಾಮೆರಾದಲ್ಲಿ ಆ ಸೀಟಿ ಊದಿದೋರೂ ಬಿದ್ದಿದ್ದಾರೆ, ನೋಡಿ. ಮುಖ ಸ್ಪಷ್ಟ ಇಲ್ಲ."

ಅವಳು ಫೋಟೊವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

ನಡುವೆ ಕಪ್ಪು ಕಾರು, ಸಂಖ್ಯೆ ಢಾಳಾಗಿ ಕಾಣುತ್ತಿತ್ತು. ಮೇಲೆ ಕೆಂಪು ದೀಪ. ಮೂಲೆಯಲ್ಲಿ ಸಮಯ, ಎಂಟು ಗಂಟೆ ಹನ್ನೆರಡು ನಿಮಿಷ. ಎಡಗಡೆ ದಾಟುಪಟ್ಟಿಯ ತುದಿಯಲ್ಲಿ ಖಾಕಿ ತೊಟ್ಟ ಒಬ್ಬ ಮುದುಕ. ಮುಖ ಹೆಬ್ಬೆಟ್ಟಿನ ಉಗುರಿನಷ್ಟೂ ಇರಲಿಲ್ಲ. ನನಗೆ ಮುಖ ಬೇಕಾಗಿರಲಿಲ್ಲ. ಹಿಮ್ಮಡಿಗಳನ್ನು ಜೋಡಿಸಿ, ಬೆನ್ನು ಸೆಟೆಸಿ, ಬಿಳಿ ಕೈಗವಸಿನ ಎಡಗೈಯನ್ನು ಭುಜಕ್ಕಿಂತ ಒಂದು ಗೇಣು ಮೇಲೆ ಎತ್ತಿ ನಿಲ್ಲುವವನು ಈ ಊರಿನಲ್ಲಿ ಒಬ್ಬನೇ ಇದ್ದ. ಆರು ವರ್ಷದವನಿದ್ದಾಗ ರೈಲುಗೇಟಿನ ಹತ್ತಿರ ಹಾಗೆ ನಿಂತು ಆಡುಗಳನ್ನು ತಡೆಯುತ್ತಿದ್ದ. ಆಡುಗಳು ನಿಲ್ಲುತ್ತಿದ್ದವು.

ಅವನ ಎತ್ತಿದ ಕೈಯಿಂದ ಮೂರು ಹೆಜ್ಜೆ ದೂರದಲ್ಲಿ ಅವನ ಮಗನ ಕಾರು ಹೋಗುತ್ತಿತ್ತು. ಅದರಲ್ಲಿ ಅವನದೂ ಒಂದು ಪಾಲಿತ್ತು.

"ಸರಿ, ಯಜಮಾನ್ರೇ," ಅಧಿಕಾರಿ ಪೆನ್ನು ತೆಗೆದಳು. "ಬುಧವಾರ ಎಂಟು ಹನ್ನೆರಡಕ್ಕೆ ನಿಮ್ಮ ತಮ್ಮ ಈ ಕಾರು ಓಡಿಸ್ತಿದ್ರಾ? ನೀವು ಪಕ್ಕದಲ್ಲಿ ಕೂತಿದ್ರಾ?"

ನಾನು ಫೋಟೊವನ್ನು ಗ್ಯೂಸೊಕ್‌ನ ಮುಂದಿಟ್ಟೆ. ಮುದುಕನ ಪಕ್ಕದಲ್ಲಿ ಬೆರಳಿಟ್ಟೆ.

"ಇದ್ಯಾರು ಅಂತ ನೀನೇ ಹೇಳಪ್ಪ. ನನ್ನ ಕಣ್ಣು ಸರಿಯಿಲ್ಲ. ಕಣ್ಣಿನ ಡಾಕ್ಟರ ಹತ್ರ ಹೋಗ್ತಿದ್ದೆ ಅಂತ ನೀನೇ ಹೇಳಿದ್ಯಲ್ಲ."

ಅವನು ನೋಡಿದ. ಮೊದಲು ಕಾರನ್ನು ನೋಡಿದ, ಆಮೇಲೆ ದೀಪವನ್ನು, ಆಮೇಲೆ ನನ್ನ ಬೆರಳಿನ ಪಕ್ಕ ನೋಡಿದ. ಪಕ್ಕದ ಮೇಜಿನಲ್ಲಿ ಯಾರೋ ತಮ್ಮ ಕಾರಿನ ಕನ್ನಡಿ ಮುರಿದದ್ದು ಬೆಕ್ಕು ಎಂದು ವಾದಿಸುತ್ತಿ​ದ್ದರು.

"ಕೈ ಎತ್ತಿದ್ದಾರೆ," ಎಂದ ಗ್ಯೂಸೊಕ್.

"ಹೌದು."

"ನನಗೆ ಕೈ ಎತ್ತಿದ್ದಾರೆ ದೊಡ್ಡಪ್ಪ. ನಾನು ನೋಡೇ ಇಲ್ಲ."

ಅಧಿಕಾರಿ ನಮ್ಮಿಬ್ಬರನ್ನೂ ನೋಡಿದಳು, ಅರ್ಥವಾಗಲಿಲ್ಲ. ಗ್ಯೂಸೊಕ್ ತೋಳಿನ ಶೋಕದ ಪಟ್ಟಿಯನ್ನು ಸರಿಮಾಡಿಕೊಂಡ, ಎರಡು ಅಂಗೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡ.

"ಇವರು ನನ್ನ ತಂದೆ," ಎಂದ. "ರಸ್ತೆಯಲ್ಲಿ ನಿಂತಿರೋರು. ಕಾರಲ್ಲಿ ಇದ್ದಿದ್ದು ನಾನು. ಶುಕ್ರವಾರ ನಾನು ಫೋನಲ್ಲಿ ಹೇಳಿದ್ದು ಸುಳ್ಳು."

ಅವಳು ಬರೆಯುವ ಮುಂಚೆ ಫೋಟೊವನ್ನು ತನ್ನ ಕಡೆ ಎಳೆದುಕೊಂಡು ಆ ಪುಟ್ಟ ಮುಖವನ್ನು ಮತ್ತೊಮ್ಮೆ ನೋಡಿದಳು. "ಹಾಗಾದ್ರೆ ಆ ಹೆಂಗಸನ್ನ ಉಳಿಸಿದ್ದು ಇವರು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಯಜಮಾನ್ರೇ, ನೀವೂ ಏನೋ ಹೇಳಬೇಕು ಅಂತ ಬಂದಿದ್ರಿ," ಎಂದಳು.

"ನನ್ನದೂ ಅದರಲ್ಲೇ ಬಂತಮ್ಮ," ಎಂದೆ. "ಸುಳ್ಳು ಹೇಳೋಕೆ ಅಂತಲೇ ಬಂದಿದ್ದೆ. ಪೂರ್ತಿಯಲ್ಲ, ನೂರರಲ್ಲಿ ಐವತ್ತು ಪಾಲು."

ಅವಳು ಅದನ್ನು ಬರೆದುಕೊಳ್ಳಲಿಲ್ಲ. ಅದು ಅವಳ ದಯೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಗ್ಯೂಸೊಕ್‌ನ ಮೇಲೆ ಕೇಸಾಯಿತು. ಕಂಪನಿ ಅವನನ್ನು ತೆಗೆಯಲಿಲ್ಲ, ಗೋದಾಮಿಗೆ ಹಾಕಿತು. ಅಲ್ಲಿ ಅವನು ಕೈಗಾಡಿ ತಳ್ಳುತ್ತಾನೆ. ಅದಕ್ಕೆ ವಿಮೆ ಬೇಕಿಲ್ಲ. ಮೊಸರುಪಾನಕದ ಹೆಂಗಸಿನ ಮನೆಗೆ ತಾಯಿಯ ಜೊತೆ ಹೋಗಿ ತಲೆ ಬಾಗಿ ಕ್ಷಮೆ ಕೇಳಿದ. ಅವಳು ಬೈದಳು, ಬೈದು ಮುಗಿದ ಮೇಲೆ ಎರಡು ಪುಟ್ಟ ಬಾಟಲಿ ಪಾನಕ ಕೊಟ್ಟಳು, ಒಂದು ಅವನಿಗೆ, ಒಂದು ಅವನ ಅಪ್ಪನ ಫೋಟೊದ ಮುಂದಿಡಲು. ವೆರೊನಿಕಾ ಅವನ ಹೆಸರಿನಲ್ಲಿ ಹೊಸ ವಿಮೆಯ ಕಂತು ಎಷ್ಟಾಗುತ್ತದೆಂದು ಒಂದು ಚೀಟಿಯಲ್ಲಿ ಬರೆದು, ಮಡಿಸಿ, ಜಪಪುಸ್ತಕದೊಳಗಿಟ್ಟು ಕೊಟ್ಟಳು. ಬಾಯಲ್ಲಿ ಹೇಳಲು ಅವಳಿಗೇ ಧೈರ್ಯವಾಗಲಿಲ್ಲ. ಅವನು ಚೀಟಿ ತೆರೆದು ನೋಡಿ, ಪುಸ್ತಕ ಮುಚ್ಚಿ, ಕಾರನ್ನು ಮಾರಿದ. ಮಾರುವುದಕ್ಕೆ ಅಪ್ಪನ ಒಂದು ಪಾಲಿನ ಮೇಲೆ ಮೂವರೂ ಮುದ್ರೆ ಒತ್ತಬೇಕಾಯಿತು. ಒತ್ತುವಾಗ ಮಾಲ್‌ಸುನ್, "ಈ ಮನುಷ್ಯನ್ನ ಬಿಟ್ಟು ಈ ಕಾರಿಗೆ ಒಂದು ಹೆಜ್ಜೆ ಮುಂದೆ ಹೋಗೋಕಾಗಲ್ಲ ನೋಡಿ ಭಾವ," ಎಂದು ಮೊದಲ ಬಾರಿ ನಕ್ಕಳು.

ನನ್ನ ಕಾರಿನ ವಿಮೆಯನ್ನು ನಾನು ನನ್ನ ಹೆಸರಿಗೇ ಬರೆಸಿಕೊಂಡೆ. ಹಣ್ಣಿನ ಪೆಟ್ಟಿಗೆಗಳು, ಗೇಟು, ನನ್ನ ವಯಸ್ಸು, ಎಲ್ಲ ಸೇರಿ ಕಂತು ಎಲ್ಲಿಗೆ ಮುಟ್ಟಿದೆಯೆಂದರೆ, ಈಗ ನಾನು ಚರ್ಚಿಗೆ ನಡೆದೇ ಹೋಗುತ್ತೇನೆ. ಮೊಣಕಾಲಿಗೂ ಆತ್ಮಕ್ಕೂ ಒಳ್ಳೆಯದು ಎಂದು ಫಾದರ್ ಹೇಳುತ್ತಾರೆ. ಅವರು ಕಾರಿನಲ್ಲಿ ಬರುತ್ತಾರೆ.

ಇಂದು ಗುರುವಾರ. ಪೂಜೆಗೆ ಮುಂಚೆ ನಿಲುಗಡೆಯ ಜಾಗಕ್ಕೆ ಹೋಗಿ, ಅವನ ಕಾರು ನಿಂತಿದ್ದ ಎರಡು ಬಿಳಿ ಗೆರೆಗಳ ನಡುವೆ ನಿಂತೆ. ಅಲ್ಲಿಂದ ಪಾಪನಿವೇದನೆಯ ಬಾಗಿಲಿಗೆ ಮೂವತ್ತು ಹೆಜ್ಜೆ. ಅವನ ಪರವಾಗಿ ಆ ಮೂವತ್ತು ಹೆಜ್ಜೆಯನ್ನು ನಾನು ನಡೆದೆ. ಒಳಗೆ ಮೊಣಕಾಲೂರಿ ನನ್ನ ಪಾಪಗಳನ್ನು ಹೇಳಿದೆ, ಅವನದೆಂದು ಏನನ್ನೂ ಹೇಳಲಿಲ್ಲ. ಹೇಳಲು ಇರಲಿಲ್ಲ. ಹೊರಗೆ ಬಂದು ಜಪಸರ ಹಿಡಿದು ಪ್ರಾರ್ಥಿಸಿದೆ:

ಪ್ರಭುವೇ, ನಿನ್ನ ಸೇವಕ ಕ್ರಿಸ್ತೊಫೊರೊ ನಿನ್ನ ಮುಂದೆ ಬಂದು ತಾನು ಕೆಂಪು ದೀಪ ದಾಟಿದವನೆಂದು ಹೇಳಿದರೆ ನಂಬಬೇಡ. ಅವನು ಅಂದು ರಸ್ತೆಯಲ್ಲಿ ಕೈ ಎತ್ತಿ ನಿಂತಿದ್ದ. ಆ ಒಂದು ಪಾಲನ್ನು ಅವನ ಲೆಕ್ಕದಿಂದ ತೆಗೆದು ನನ್ನ ಲೆಕ್ಕಕ್ಕೆ ಹಾಕು. ಅಲ್ಲಿ ಈಗಾಗಲೇ ಬೇಕಾದಷ್ಟಿದೆ. ಜೀವಮಾನವೆಲ್ಲ ಬೇರೆಯವರನ್ನು ದಾಟಿಸಿದವನನ್ನು ನೀನು ಕೈಹಿಡಿದು ದಾಟಿಸು. ನಿನ್ನ ಬೆಳಕು ಅವನ ಮೇಲೆ ಆರದೆ ಇರಲಿ. ಅವನಿಗೆ ವಿಶ್ರಾಂತಿ ಕೊಡು, ಶಾಂತಿ ಕೊಡು. ಆಮೆನ್.